ಝೆನೋನ್ ಮೇಸ್ತ್ರಿ ತೆರೆಯದ ಒಂದು ಬೀಗ

ಝೆನೋನ್ ಮೇಸ್ತ್ರಿಯ ಅಂಗಡಿ ಬಾಗಿಲ ಮೇಲೆ ಮೂವತ್ತೊಂದು ವರ್ಷ ಒಂದೇ ಬೋರ್ಡು ಇತ್ತು: 'ನಾನು ತೆರೆಯದ ಬೀಗವಿಲ್ಲ.' ಬೇರೆ ಯಾರಾದರೂ ಹಾಗೆ ಬರೆಸಿಕೊಂಡಿದ್ದರೆ, ಏನು ಜಂಬ ಮಾರಾಯ ಇವನದು ಅನ್ನುತ್ತಿದ್ದೆ. ಇವರ ವಿಷಯದಲ್ಲಿ ನಮ್ಮ ಓಪಾತೂವ್ ಊರಿನಲ್ಲಿ ಯಾರೂ ತುಟಿಪಿಟಕ್ ಅನ್ನಲಿಲ್ಲ. ಅದು ನಿಜವಾಗಿತ್ತು. ಒಮ್ಮೆ ನಮ್ಮ ಪಾದ್ರಿಗಳು ಗಂಟೆಗೋಪುರದಲ್ಲಿ ಸಿಕ್ಕಿಹಾಕಿಕೊಂಡು, ಸಹಾಯಕ್ಕಾಗಿ ಗಂಟೆ ಬಾರಿಸಿಯೇ ಬಾರಿಸಿದರು. ಯಾರೋ ಸತ್ತರೆಂದು ಊರೆಲ್ಲ ಕಪ್ಪು ಬಟ್ಟೆ ಹಾಕಿಕೊಂಡು ಬಂತು. ಮೇಸ್ತ್ರಿ ಒಬ್ಬರೇ ಉಪಕರಣದ ಚೀಲ ಹಿಡಿದು ಬಂದರು.

ನನ್ನದು ಅವರ ಪಕ್ಕದ ಅಂಗಡಿ. ಹೆಂಗಸರ ತಲೆಗೂದಲು ಕತ್ತರಿಸುವುದು, ಬಣ್ಣ ಹಾಕುವುದು ನನ್ನ ಕೆಲಸ, ಹೆಸರು ಬೋಗ್ನಾ. ಇಪ್ಪತ್ತು ವರ್ಷದಿಂದ ನಮ್ಮಿಬ್ಬರ ಮಧ್ಯೆ ಒಂದು ಇಟ್ಟಿಗೆಗೋಡೆ. ಅವರು ಅರ ಉಜ್ಜುವ ಸದ್ದು ನಿಂತರೆ ಊಟಕ್ಕೆ ಎದ್ದರು ಅಂತ ನನಗೆ ಗೊತ್ತಾಗುತ್ತಿತ್ತು. ಆದ್ದರಿಂದ ಅವರ ಬಗ್ಗೆ ಮಾತಾಡುವ ಹಕ್ಕು ನನಗಿಲ್ಲದೆ ಇನ್ಯಾರಿಗಿದೆ?

ಅವರದ್ದು ಎರಡು ಅಭ್ಯಾಸ. ಬೀಗ ತೆರೆದ ತಕ್ಷಣ ಗಟ್ಟಿಯಾಗಿ 'ತೆರೀತು!' ಎಂದು ಕೂಗುವುದು ಒಂದು. ಕೂಗಿದವರೇ ಬಾಗಿಲಿಗೆ ಬೆನ್ನು ತಿರುಗಿಸಿ ಬೀದಿ ಕಡೆ ನೋಡುತ್ತ ನಿಲ್ಲುವುದು ಇನ್ನೊಂದು. 'ನನ್ನ ವ್ಯವಹಾರ ಬೀಗದ ಜೊತೆ. ಒಳಗಿರೋದು ನಿಮ್ಮ ಸಂಸಾರ' ಎನ್ನುತ್ತಿದ್ದರು. ಒಮ್ಮೆ ನಾನು ಒಲೆಯ ಮೇಲೆ ಸಾರು ಇಟ್ಟು, ಹೊರಗೆ ಬಂದು, ಬಾಗಿಲು ಹಾಕಿಕೊಂಡು ಬಿಟ್ಟೆ. ಮೇಸ್ತ್ರಿ ಬಂದು ತೆರೆದರು. ಒಳಗೆ ಹೊಗೆ ದಟ್ಟವಾಗಿ ತುಂಬಿದೆ, ಪರದೆಗೆ ಬೆಂಕಿ ತಗಲುವುದೊಂದು ಬಾಕಿ. ಈ ಪುಣ್ಯಾತ್ಮ ಬೀದಿಯನ್ನೇ ನೋಡುತ್ತ, 'ಬೋಗ್ನಾ, ಏನೋ ಸೀದ ವಾಸನೆ ಬರ್ತಿದೆಯಮ್ಮಾ, ನೋಡ್ಕೋ' ಅಂದರೇ ಹೊರತು ತಲೆ ತಿರುಗಿಸಲಿಲ್ಲ. ಯಾಕೆ ಮದುವೆ ಆಗಲಿಲ್ಲ ಅಂತ ಕೇಳಿದರೂ ಅದೇ ಉತ್ತರ: 'ಒಳಗೆ ನೋಡೋ ಅಭ್ಯಾಸ ಇಲ್ಲ.'

ಇಂಥ ಮನುಷ್ಯನಿಗೂ ಒಂದು ಹುಚ್ಚು ಹಿಡಿಯಿತು. ಯಾರೋ ಕೊಟ್ಟ ಒಂದು ಜೆಕ್ ಕ್ಯಾಲೆಂಡರಿನಿಂದ ಹಿಡಿಯಿತು. ಅದರ ನವೆಂಬರ್ ಪುಟದಲ್ಲಿ ಲಿಪೋಹ್ರಾದ್ ಎಂಬ ಊರಿನ ಕೋಟೆಯೊಳಗಿನ ಒಂದು ಕಬ್ಬಿಣದ ಪೆಟ್ಟಿಗೆಯ ಚಿತ್ರ. ಸ್ವೀಡನ್ನಿನ ದಂಡು ಬಂದ ಕಾಲದಲ್ಲಿ ಅದರ ಕೀಲಿಕೈ ಕಳೆದುಹೋಯಿತಂತೆ, ಮುನ್ನೂರು ಚಿಲ್ಲರೆ ವರ್ಷದಿಂದ ಯಾರೂ ತೆರೆದಿಲ್ಲವಂತೆ. ಹಾಗಂತ ಚಿತ್ರದ ಕೆಳಗೆ ಬರೆದಿತ್ತು. ವರ್ಷ ಕಳೆಯಿತು, ಇವರ ಅಂಗಡಿಯಲ್ಲಿ ನವೆಂಬರ್ ಕಳೆಯಲಿಲ್ಲ. ಭೂತಗನ್ನಡಿ ಹಿಡಿದು ಆ ಚಿತ್ರದ ಬೀಗದ ಬಾಯನ್ನು ನೋಡಿ ನೋಡಿ, ಮೂರು ಚಳಿಗಾಲ ಕೂತು ಒಂದು ಕೀಲಿಕೈ ಮಾಡಿದರು. ಬೆರಳಿನಷ್ಟು ಉದ್ದ, ತುದಿಯಲ್ಲಿ ಏಳು ಹಲ್ಲು. ಒಂದೊಂದು ಹಲ್ಲೂ ಅಕ್ಕಿಕಾಳಿನಷ್ಟು ಸಣ್ಣದು.

ಅಷ್ಟರಲ್ಲಿ ಅವರ ಬಲಗೈ ನಡುಗಲು ಶುರುವಾಯಿತು. ಹೆಬ್ಬೆರಳು ಹೇಳಿದ ಮಾತು ಕೇಳುವುದಿಲ್ಲ. ಜೂನ್ ತಿಂಗಳಲ್ಲಿ ಆಪರೇಷನ್ ಮಾಡಿ ಕುಯ್ಯಬೇಕು, ಆಮೇಲೆ ಸೂಕ್ಷ್ಮ ಕೆಲಸದ ಆಸೆ ಬಿಡಿ ಅಂದರು ಡಾಕ್ಟರು. ಅವತ್ತು ಮೇಸ್ತ್ರಿ ನನ್ನ ಅಂಗಡಿಗೆ ಬಂದು, ಹೆಂಗಸರು ತಲೆಗೆ ಬಿಸಿಗಾಳಿ ಹಾಕಿಸಿಕೊಳ್ಳುವ ಕುರ್ಚಿಯಲ್ಲಿ ಕೂತರು.

'ಬೋಗ್ನಾ, ಒಂದು ಪತ್ರ ಬರೆದುಕೊಡು. ಈ ಕೈ ಸಾಯೋಕೆ ಮುಂಚೆ ಆ ಒಂದು ಬೀಗ ತೆರೀಬೇಕು. ಇಲ್ಲಾಂದ್ರೆ ಹೊರಗಡೆ ಬೋರ್ಡು ಸುಳ್ಳಾಗುತ್ತೆ.'

ನನಗೆ ಅಳುವೇ ಬಂತು. ತಕ್ಷಣ ಪೆನ್ನು ಹಿಡಿದೆ. ಆದ ಅನಾಹುತಕ್ಕೆಲ್ಲ ಆ ಪತ್ರವೇ ಮೂಲ, ಬರೆದವಳು ನಾನೇ ಅಂತ ಈಗಲೇ ಒಪ್ಪಿಕೊಂಡುಬಿಡುತ್ತೇನೆ.

ವಿಷಯ ಏನೆಂದರೆ, ನಮ್ಮ ಪೋಲಿಷ್ ಭಾಷೆಯಲ್ಲಿ ಬೀಗಕ್ಕೆ ಝಾಮೆಕ್ ಅನ್ನುತ್ತೇವೆ. ಕೋಟೆಗೂ ಝಾಮೆಕ್ ಅಂತಲೇ ಅನ್ನುತ್ತೇವೆ. ಜಾಕೀಟಿನ ಜಿಪ್ಪಿಗೂ ಝಾಮೆಕ್ಕೇ. ಗಡಿಯಾಚೆಯ ಜೆಕ್ ಜನಕ್ಕೂ ಕೋಟೆ ಮತ್ತು ಬೀಗ ಎರಡೂ ಝಾಮೆಕ್. ಜಿಪ್ಪಿಗೆ ಮಾತ್ರ ಅವರಲ್ಲಿ ಬೇರೆ ಮಾತು. ಅವರ ಮಾತು ನಮಗೆ ಅರ್ಧ ಅರ್ಥವಾಗುತ್ತದೆ, ನಮ್ಮದು ಅವರಿಗೆ ಅರ್ಧ. ಒಂದಕ್ಷರವೂ ಅರ್ಥವಾಗದಿದ್ದರೆ ಎಷ್ಟೋ ಕ್ಷೇಮವಿತ್ತು.

ಮೇಸ್ತ್ರಿ ಹೇಳಿದರು, ನಾನು ಬರೆದೆ. 'ಮಾನ್ಯರೇ, ನಿಮ್ಮ ಝಾಮೆಕ್ ತೆರೆಯಬೇಕೆಂಬುದು ನನ್ನ ಬಹುಕಾಲದ ಆಸೆ. ದುಡ್ಡು ಬೇಡ. ದಿನ ತಿಳಿಸಿ. ಇಂತಿ, ಝೆನೋನ್, ಹಿರಿಯರು, ಓಪಾತೂವ್ ಕಸುಬುದಾರರ ಸಂಘ.'

'ಮೇಸ್ತ್ರಿಗಳೇ, ಯಾವ ಝಾಮೆಕ್ ಅಂತ ಬರೀಬೇಡವಾ?' ಎಂದೆ.

'ಅಷ್ಟೂ ಗೊತ್ತಾಗಲ್ವಾ ಅವರಿಗೆ? ಮುನ್ನೂರು ವರ್ಷ ತೆರೀದಿರೋದು ಅವರ ಹತ್ರ ಇನ್ನೆಷ್ಟಿವೆ?'

ಹದಿನೈದು ದಿನಕ್ಕೆ ಉತ್ತರ ಬಂತು. ದಪ್ಪ ಕಾಗದ, ಮೇಲೆ ಸಿಂಹದ ಮುದ್ರೆ. 'ನಮ್ಮ ಝಾಮೆಕ್ ತೆರೆಯಲು ತಾವೇ ಬರುವುದು ನಮ್ಮ ಭಾಗ್ಯ. ಏಪ್ರಿಲ್ ಮೊದಲ ಶನಿವಾರ ಬೆಳಿಗ್ಗೆ ಹತ್ತಕ್ಕೆ ದಯಮಾಡಿಸಿ. ಊರೆಲ್ಲ ಕಾಯುತ್ತಿರುತ್ತದೆ. ವಾದ್ಯದವರನ್ನೂ ಕರೆಸಿದ್ದೇವೆ. ಕೋಟೆಯ ಮೇಲ್ವಿಚಾರಕಿ, ದ್ರಾಹೊಮೀರಾ.'

ಮೇಸ್ತ್ರಿಯ ಕಣ್ಣು ತುಂಬಿತು. 'ನೋಡಿದೆಯಾ? ಒಂದು ಬೀಗಕ್ಕೆ ವಾದ್ಯ! ಇಲ್ಲಿ ನಮ್ಮ ಜನ ಬೀಗ ತೆಗೆಸಿಕೊಂಡು ಒಂದು ಲೋಟ ಚಹಾ ಕೊಡಲ್ಲ.'

ಅವರು ಹುಟ್ಟಿದ ಮೇಲೆ ದೇಶ ಬಿಟ್ಟು ಹೊರಗೆ ಕಾಲಿಟ್ಟವರಲ್ಲ. ಒಬ್ಬರೇ ಕಳಿಸುವುದು ಹೇಗೆ? ನನ್ನ ಗಂಡ ವಿತೆಕ್, 'ನಮ್ಮ ಕಾರಲ್ಲೇ ಹೋಗೋಣ, ಮಕ್ಕಳೂ ಒಂದು ಕೋಟೆ ನೋಡಿದ ಹಾಗಾಗುತ್ತೆ' ಎಂದ. ಮಗಳು ಯಾಗ್ನಾಗೆ ಏಳು ವರ್ಷ, ಮುಂದಿನ ಎರಡು ಹಲ್ಲು ಬಿದ್ದಿದ್ದವು. ಮಗ ಗೂಚೊಗೆ ನಾಲ್ಕು. ಏಪ್ರಿಲ್ ಅಂದರೂ ಚಳಿ ಹೋಗಿರಲಿಲ್ಲ, ಅವನಿಗೆ ಕತ್ತಿನಿಂದ ಕಾಲಿನವರೆಗೆ ಒಂದೇ ಆದ ಕೆಂಪು ರಜಾಯಿಯಂಥ ಉಡುಪು ತೊಡಿಸಿದ್ದೆ. ಅದಕ್ಕೆ ಗದ್ದದಿಂದ ಹೊಟ್ಟೆಯ ಕೆಳಗಿನವರೆಗೆ ಒಂದೇ ಜಿಪ್ಪು.

ಶುಕ್ರವಾರ ಹೊರಟು, ಗಡಿ ದಾಟಿ ಒಂದು ಕಡೆ ತಂಗಿ, ಬೆಳಿಗ್ಗೆ ಮತ್ತೆ ಹೊರಟೆವು. ದಾರಿಯುದ್ದಕ್ಕೂ ಬೇಯಿಸಿದ ಮೊಟ್ಟೆ, ಒಣಗಿಸಿದ ಸಣ್ಣ ಸಾಸೇಜು, ಚೆರಿ ಹಣ್ಣು ಕುದಿಸಿದ ಪಾನಕ. ಗೂಚೊ ಒಬ್ಬನೇ ಒಂದು ಜಾಡಿ ಪಾನಕ ಖಾಲಿ ಮಾಡಿದ. ಮೇಸ್ತ್ರಿ ಮುಂದಿನ ಸೀಟಿನಲ್ಲಿ ಮದುವೆ ಗಂಡಿನ ಹಾಗೆ ಕೂತಿದ್ದರು. ಕಪ್ಪು ಸೂಟು, ಕತ್ತಿಗೆ ಸಂಘದ ಹಿರಿಯರು ಹಬ್ಬಕ್ಕೆ ಹಾಕಿಕೊಳ್ಳುವ ಅಂಗೈ ಅಗಲದ ಹಿತ್ತಾಳೆ ಬಿಲ್ಲೆಯ ಸರ. ತೊಡೆಯ ಮೇಲೆ ಕನ್ನಡಕದ ಡಬ್ಬಿ, ಅದರಲ್ಲಿ ಹತ್ತಿಯ ಮೇಲೆ ಮಲಗಿದ ಕೀಲಿಕೈ.

ಯಾಗ್ನಾ ಬಗ್ಗಿ ಹಲ್ಲು ಎಣಿಸಿದಳು. 'ಮಾಮ, ಇದಕ್ಕೆ ಏಳಿದೆ. ನಂದು ಎರಡು ಬಿದ್ದಿದೆ, ಇದರದ್ದು ಒಂದೂ ಬಿದ್ದಿಲ್ಲ.'

'ಬೀಳಬಾರದು ಪುಟ್ಟೀ. ಇದಕ್ಕೆ ಮತ್ತೆ ಹುಟ್ಟಲ್ಲ' ಎಂದರು ಮೇಸ್ತ್ರಿ.

ಲಿಪೋಹ್ರಾದಿನಲ್ಲಿ ಗುಡ್ಡದ ಕೆಳಗೇ ಅಗ್ನಿಶಾಮಕದ ಲಾರಿ ಅಡ್ಡ ನಿಂತಿತ್ತು. ಕಾರು ಅಲ್ಲೇ ಬಿಡಬೇಕು. ಮೇಸ್ತ್ರಿ ಉಪಕರಣದ ಚೀಲಕ್ಕೆ ಕೈ ಹಾಕಿದರೆ, ಸಮವಸ್ತ್ರದ ಒಬ್ಬ ಹುಡುಗ ಓಡಿ ಬಂದು, 'ಮಾನ್ಯರು ಚೀಲ ಹೊರೋದಾ? ಉಂಟಾ ಎಲ್ಲಾದರೂ?' ಎಂದು ಕಿತ್ತುಕೊಂಡು ಡಿಕ್ಕಿಯೊಳಗೆ ಇಟ್ಟುಬಿಟ್ಟ. ಮೇಲೆ ಹತ್ತಿದೆವು. ಅಬ್ಬಾ! ಕೋಟೆ ಬಾಗಿಲ ಮುಂದೆ ಊರಿಗೆ ಊರೇ ನೆರೆದಿದೆ. ವಾದ್ಯದವರು ತುತ್ತೂರಿ ಒರೆಸುತ್ತಿದ್ದಾರೆ. ಕಸೂತಿ ಲಂಗದ ಹುಡುಗಿಯರು ತಟ್ಟೆಯಲ್ಲಿ ಸ್ವಾಗತದ ರೊಟ್ಟಿ, ಉಪ್ಪು ಹಿಡಿದು ನಿಂತಿದ್ದಾರೆ. ಹೊಟ್ಟೆ ಮುಂದೆ ಬಿಟ್ಟುಕೊಂಡು ಮೇಯರ್, ಪಕ್ಕದಲ್ಲಿ ಸಣ್ಣ ಹಸಿರು ಟೋಪಿ ಹಾಕಿಕೊಂಡ, ಕಡ್ಡಿಯಂಥ ದ್ರಾಹೊಮೀರಾ. ಮೇಸ್ತ್ರಿ ರೊಟ್ಟಿ ಮುರಿದು, ಉಪ್ಪಿಗೆ ಅದ್ದಿ ಬಾಯಿಗೆ ಹಾಕಿಕೊಂಡರು. ಅಗಿಯುತ್ತಲೇ ಕಣ್ಣೀರು.

'ಬೋಗ್ನಾ, ಇದಲ್ಲವೇನೇ ದೇಶ ಅಂದ್ರೆ!' ಅಂದರು.

ಆಗ ದ್ರಾಹೊಮೀರಾ ಒಂದು ಕೆಂಪು ದಿಂಬನ್ನು ಮುಂದೆ ಹಿಡಿದಳು. ಅದರ ಮೇಲೆ ನನ್ನ ಮೊಳಕೈಯಷ್ಟು ಉದ್ದದ ಚಿನ್ನದ ಬಣ್ಣದ ಕೀಲಿಕೈ. ಅದನ್ನು ನೋಡಿದ್ದೇ ನನಗೆ ಎಲ್ಲ ಅರ್ಥವಾಯಿತು. ಚಳಿಗಾಲಪೂರ್ತಿ ಇವರ ಕೋಟೆಗಳು ಮುಚ್ಚಿರುತ್ತವೆ, ಏಪ್ರಿಲಿನಲ್ಲಿ ಯಾರಾದರೂ ದೊಡ್ಡ ಮನುಷ್ಯರನ್ನು ಕರೆಸಿ ತೆರೆಸುತ್ತಾರೆ. ಇದು ನನಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು! ಹೊತ್ತಿಗೆ ಹೊಳೆಯಬೇಕಲ್ಲ! ಇವರು ನಮ್ಮ ಮೇಸ್ತ್ರಿಯನ್ನು ಬೀಗ ತೆರೆಯಲಿಕ್ಕಲ್ಲ, ಕೋಟೆಯ ಉದ್ಘಾಟನೆಗೆ ಕರೆಸಿಕೊಂಡಿದ್ದಾರೆ.

'ಮಾನ್ಯರೇ, ದಯವಿಟ್ಟು ಝಾಮೆಕ್ ತೆರೀಬೇಕು' ಎಂದಳು ದ್ರಾಹೊಮೀರಾ.

'ತೆರೀತೀನಿ ತಾಯಿ, ಅದಕ್ಕೇ ಬಂದಿರೋದು. ಎಲ್ಲಿದೆ?'

ಅವಳು ಹಿಂದಕ್ಕೆ ತಿರುಗಿ ನೋಡಿದಳು. ನಾಲ್ಕು ಗೋಪುರದ ಕೋಟೆ ಅಲ್ಲೇ ಇತ್ತು. 'ಇದೇ... ನಿಮ್ಮ ಕಣ್ಣ ಮುಂದೇನೇ ಇದೆಯಲ್ಲ!'

'ಇದಲ್ಲ. ನನಗೆ ಬೇಕಾದ್ದು ಚಿಕ್ಕದು.'

'ಚಿಕ್ಕದಾ?'

'ಏನಂತೆ?' ಎಂದು ಮೇಯರ್ ಕೊರಳು ಉದ್ದ ಮಾಡಿದ.

'ನಮ್ಮ ಝಾಮೆಕ್ ಚಿಕ್ಕದಂತೆ.'

ಮೇಸ್ತ್ರಿ ಅಂಗೈ ತೋರಿಸಿದರು. 'ಇಷ್ಟೇ ಇಷ್ಟು. ಕಬ್ಬಿಣದ್ದು. ಪಾಪ, ಮುನ್ನೂರು ವರ್ಷದಿಂದ ಯಾರೂ ಒಂದು ತೊಟ್ಟು ಎಣ್ಣೆ ಬಿಟ್ಟಿಲ್ಲ ಅದಕ್ಕೆ. ತುಕ್ಕು ಹಿಡಿದು ಕೂತಿದೆ.'

'ತುಕ್ಕಾ? ಹೋದ ವರ್ಷ ತಾನೇ ಸುಣ್ಣ ಬಣ್ಣ ಮಾಡಿಸಿದೀವಿ ಸ್ವಾಮಿ!' ಎಂದು ಮೇಯರ್ ಕೆಂಪಾದ.

'ಬಣ್ಣ ಹೊಡೆದ್ರಾ? ಬೀಗಕ್ಕೆ ಬಣ್ಣ ಹೊಡೀತಾರೇನ್ರೀ ಯಾರಾದರೂ? ಬಾಯಿ ಮುಚ್ಚಿಹೋಗಲ್ವಾ?'

'ನನಗೆ ಬಾಯಿ ಮುಚ್ಚು ಅಂತಿದಾರಾ?' ಎಂದ ಮೇಯರ್.

ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಅನ್ನುವ ಹಾಗಾಯಿತು. ದ್ರಾಹೊಮೀರಾ ಜಾಣೆ, 'ಮಾನ್ಯರು ತುಂಬಾ ತಮಾಷೆಯವರು' ಎಂದು ಜನರ ಕಡೆ ತಿರುಗಿ ನಕ್ಕಳು. ಜನರೂ ಮರ್ಯಾದೆಗೆ ನಕ್ಕರು. ಅಷ್ಟರಲ್ಲಿ ಮೇಸ್ತ್ರಿ ದಿಂಬಿನ ಮೇಲಿದ್ದುದನ್ನು ಎತ್ತಿ, ಉಗುರಿನಿಂದ ತಟ್ಟಿ ನೋಡಿದರು.

'ಇದು ಪ್ಲೈವುಡ್ಡು!' ಎಂದು ಎಲ್ಲರಿಗೂ ಕಾಣುವ ಹಾಗೆ ಎತ್ತಿ ಹಿಡಿದರು. 'ಪ್ಲೈವುಡ್ಡಿನ ಕೀಲಿಕೈ ಕೈಗೆ ಕೊಟ್ಟು ತೆರಿ ಅಂತೀರಲ್ಲ, ಒಬ್ಬ ಕಸುಬುದಾರನಿಗೆ ಹೀಗೆ ಮಾಡಬಹುದಾ? ಇದರಲ್ಲಿ ಹಿಟ್ಟು ಲಟ್ಟಿಸಬಹುದು ಅಷ್ಟೇ.'

ಓಡಿ ಹೋಗಿ ನಡುವೆ ಬಾಯಿ ಹಾಕಬೇಕು, ಎಲ್ಲ ಬಿಡಿಸಿ ಹೇಳಬೇಕು ಅಂತ ನಾನು ಹೆಜ್ಜೆ ಎತ್ತಿದೆ. ಕೆಳಗಿನಿಂದ ಲಂಗ ಜಗ್ಗಿತು.

'ಅಮ್ಮಾ, ಉಚ್ಚೆ' ಎಂದ ಗೂಚೊ.

'ಸ್ವಲ್ಪ ತಡಿ ಚಿನ್ನ.'

'ತಡಿಯೋಕಾಗಲ್ಲ.'

ಒಂದು ಜಾಡಿ ಪಾನಕ ಸುಮ್ಮನೆ ಬಿಡುತ್ತದೆಯೇ? ಅಲ್ಲೇ ಕೂತು ಜಿಪ್ಪು ಎಳೆದೆ. ಎರಡು ಬೆರಳು ಇಳಿದು ನಿಂತಿತು. ಒಳಗಿನ ಬಟ್ಟೆ ಕಚ್ಚಿಕೊಂಡಿದೆ. ಮೇಲೂ ಹೋಗದು, ಕೆಳಗೂ ಬಾರದು. ವಿತೆಕ್ ಎಳೆದ, ನಾನು ಎಳೆದೆ. ಹದಿನೆಂಟು ವರ್ಷ ಕತ್ತರಿ ಹಿಡಿದವಳ ಹತ್ತಿರ ಆ ಹೊತ್ತಿಗೆ ಒಂದು ಕತ್ತರಿ ಇರಲಿಲ್ಲ. ಗೂಚೊ ಕಾಲಿಗೆ ಕಾಲು ಹೆಣೆದು ಕುಣಿಯಲು ಶುರು ಮಾಡಿದ. ಗಂಟಲು ಹರಿಯುವ ಹಾಗೆ ಒಂದೇ ಮಾತು: 'ಝಾಮೆಕ್! ಅಮ್ಮಾ, ಝಾಮೆಕ್! ಝಾಮೆಕ್!'

ಅವನು ಹೇಳುತ್ತಿದ್ದುದು ಜಿಪ್ಪಿನ ಮಾತು. ಅಲ್ಲಿ ಯಾರಿಗೆ ತಿಳಿಯಬೇಕು? ಮುಂದಿನ ಸಾಲಿನ ಒಬ್ಬ ಅಜ್ಜಿ ಎದೆಯ ಮೇಲೆ ಕೈ ಇಟ್ಟುಕೊಂಡು, 'ಯೇಸು ಮರಿಯಾ, ನೋಡ್ರೇ ಆ ಕೂಸನ್ನ! ನಮ್ಮ ಕೋಟೆ ಅಂದ್ರೆ ಎಷ್ಟು ಪ್ರಾಣ ಬಿಡ್ತಿದೆ!' ಎಂದಳು. ಯಾರೋ ಚಪ್ಪಾಳೆ ತಟ್ಟಿದರು. ಕಸೂತಿ ಲಂಗದ ಹುಡುಗಿಯರು ದನಿ ಕೂಡಿಸಿದರು. ಒಂದು ನಿಮಿಷದಲ್ಲಿ ಊರೆಲ್ಲ ತಾಳ ಹಾಕಿ, 'ಝಾ-ಮೆಕ್! ಝಾ-ಮೆಕ್!' ಎಂದು ಕೂಗತೊಡಗಿತು. ಡೋಲಿನವನೂ ಸೇರಿಕೊಂಡ. ಮಗು ಕುಣಿದಷ್ಟೂ ಅವರಿಗೆ ಹುರುಪು. ನಾನು ಅಳುತ್ತಿದ್ದೆನೋ ನಗುತ್ತಿದ್ದೆನೋ ನನಗೇ ಗೊತ್ತಿಲ್ಲ. ವಿತೆಕ್ ಮಾತ್ರ ಸುತ್ತಲೂ ಕೈ ಮುಗಿದು, 'ಸಾಕು, ನಿಲ್ಸಿ!' ಅನ್ನುತ್ತಿದ್ದ. ಅವರು ಅದನ್ನೂ ಕೃತಜ್ಞತೆ ಅಂದುಕೊಂಡರು.

ಮೇಯರ್ ಜೊತೆ ಜಗಳಕ್ಕೆ ನಿಂತಿದ್ದ ಮೇಸ್ತ್ರಿಯ ಕಿವಿಗೆ ಈಗ ಗೂಚೊನ ದನಿ ಬಿತ್ತು. ಸಿಕ್ಕಿಕೊಂಡ ಬೀಗದ ಸುದ್ದಿ ಕೇಳಿದರೆ ಆ ಮನುಷ್ಯ ನಿದ್ದೆಯಲ್ಲಿದ್ದರೂ ಎದ್ದು ಕೂರುತ್ತಾರೆ. ಪ್ಲೈವುಡ್ಡನ್ನು ಮೇಯರನ ಕೈಗೆ ತುರುಕಿ, ನಮ್ಮ ಕಡೆ ಬಂದು, ಬಗ್ಗಿ ನೋಡಿದರು.

'ಬಟ್ಟೆ ಕಚ್ಚಿದೆ. ತೆಳ್ಳಗಿರೋದು ಏನಾದರೂ ಬೇಕು' ಎಂದರು. ಸೂಟಿನ ಜೇಬುಗಳನ್ನು ತಡವಿದರು. ಚೀಲ ಗುಡ್ಡದ ಕೆಳಗೆ, ಕಾರಿನ ಡಿಕ್ಕಿಯಲ್ಲಿ. ಅವರ ಕೈ ಎದೆಯ ಮೇಲಿನ ಜೇಬಿಗೆ ಬಂದು ನಿಂತಿತು. ಕನ್ನಡಕದ ಡಬ್ಬಿ.

'ಬೇಡ! ಮೇಸ್ತ್ರಿಗಳೇ, ಅದು ಬೇಡ! ಹೋಗಲಿ ಬಿಡಿ, ಬಟ್ಟೆಯಲ್ಲೇ ಮಾಡಿಕೊಳ್ಳಲಿ!' ಎಂದೆ ನಾನು.

'ಇಷ್ಟು ಜನರ ಮುಂದೆಯಾ? ಅವನಿಗೂ ಒಂದು ಮಾನ ಇರಲ್ವಾ? ಪೆಟ್ಟಿಗೆ ಮುನ್ನೂರು ವರ್ಷ ಕಾದಿದೆ ಬೋಗ್ನಾ. ಇವನು ಕಾಯಲ್ಲ.'

ಹೊಸ ಸೂಟಿನಲ್ಲೇ ಕೆಸರಿಗೆ ಮಂಡಿಯೂರಿದರು. ಬಲಗೈ ನಡುಗುತ್ತಿತ್ತು, ಎಡಗೈಯಿಂದ ಅದರ ಮಣಿಕಟ್ಟು ಹಿಡಿದುಕೊಂಡರು. ಕೀಲಿಕೈಯ ತುದಿಯನ್ನು ಜಿಪ್ಪಿನ ಬಾಯಿಗೂ ಬಟ್ಟೆಗೂ ನಡುವೆ ತೂರಿಸಿ, ಉಸಿರು ಬಿಗಿಹಿಡಿದು ತಿರುವಿದರು. 'ಟಕ್' ಎಂದಿತು. ಆ ಗದ್ದಲದಲ್ಲಿ ಅದು ಕೇಳಿಸಿದ್ದು ನನಗೂ ಅವರಿಗೂ ಮಾತ್ರ. ಅವರ ಮುಖ ಒಂದು ಕ್ಷಣ ಕಪ್ಪಿಟ್ಟಿತು. ಮರುಕ್ಷಣ ಜಿಪ್ಪು ಸರ್ರನೆ ಕೆಳಗಿಳಿಯಿತು. ಮೂವತ್ತೊಂದು ವರ್ಷದ ಅಭ್ಯಾಸ ಎಲ್ಲಿಗೆ ಹೋಗುತ್ತದೆ? ಮೇಸ್ತ್ರಿ ಗಟ್ಟಿಯಾಗಿ ಕೂಗಿದರು: 'ತೆರೀತು!'

ಕೂಗಿ, ರೂಢಿಯಂತೆ, ಗೂಚೊಗೆ ಬೆನ್ನು ತಿರುಗಿಸಿ ನಿಂತರು.

ಕಾಯುತ್ತಿದ್ದ ವಾದ್ಯದವರಿಗೆ ಅಷ್ಟೇ ಸಾಕಾಯಿತು. ಆ ಒಂದು ಪದ ಎರಡು ಭಾಷೆಗೂ ಹತ್ತಿರದ್ದು. ತುತ್ತೂರಿ ಮೊಳಗಿತು. ಅಗ್ನಿಶಾಮಕದವರು ಕೋಟೆ ಬಾಗಿಲಿಗೆ ಭುಜ ಕೊಟ್ಟು ನೂಕಿದರು. ಜನ ಹೋ ಎಂದು ಒಳಗೆ ನುಗ್ಗಿದರು. ಗೂಚೊ ಕೋಟೆಗೋಡೆಗೆ ಮುಖ ಮಾಡಿ, ಮೆರವಣಿಗೆಯ ಸಂಗೀತದ ನಡುವೆ, ನಿರಾಳವಾಗಿ ತನ್ನ ಕೆಲಸ ಮುಗಿಸಿದ. ಆ ವರ್ಷ ಲಿಪೋಹ್ರಾದ್ ಕೋಟೆಯ ಉದ್ಘಾಟನೆ ಆದದ್ದು ಹೀಗೆ.

ಗದ್ದಲ ಇಳಿದ ಮೇಲೆ ದ್ರಾಹೊಮೀರಾ ನನ್ನ ಪತ್ರ ಹಿಡಿದು ಬಂದಳು. ಮುಖ ಬಿಳಿಚಿಕೊಂಡಿತ್ತು. ಮಾತಿಗಿಂತ ಕೈ ಮೇಲು ಅಂತ ನಾನು ಕೋಟೆ ತೋರಿಸಿ 'ಝಾಮೆಕ್' ಎಂದೆ, ಬಾಗಿಲ ಬೀಗ ತೋರಿಸಿ 'ಝಾಮೆಕ್' ಎಂದೆ, ಗೂಚೊನ ಜಿಪ್ಪು ತೋರಿಸಿ 'ಇದೂ ಝಾಮೆಕ್' ಎಂದೆ. ಮೇಸ್ತ್ರಿಯನ್ನು ತೋರಿಸಿ, ಬೀಗ ತಿರುವುವ ಅಭಿನಯ ಮಾಡಿದೆ.

'ಹಾಗಾದ್ರೆ ಇವರು...'

'ಬೀಗ ರಿಪೇರಿಯವರು.'

'ಯೇಸು ಮರಿಯಾ! ಸಂಘದ ಹಿರಿಯರು ಅಂತ ಪತ್ರದಲ್ಲಿ ನೋಡಿ, ಮಂತ್ರಿ ಮಟ್ಟದವರು ಅಂತ ಮೇಯರ್‌ಗೆ ಹೇಳಿಬಿಟ್ಟಿದೀನಿ ನಾನು!' ಅವಳು ಮೆಟ್ಟಿಲ ಮೇಲೆ ಕುಸಿದು ಕೂತಳು. ಅಳುತ್ತಾಳೆ ಅಂದುಕೊಂಡರೆ, ಹೊಟ್ಟೆ ಹಿಡಿದುಕೊಂಡು ನಕ್ಕಳು. ಟೋಪಿ ಬಿದ್ದು ಉರುಳಿತು. ಅದನ್ನು ಎತ್ತಿಕೊಟ್ಟ ಮೇಸ್ತ್ರಿಗೆ, 'ಕೊಟ್ಟ ಮಾತು ಕೊಟ್ಟದ್ದೇ. ಮುದ್ರೆ ಹಾಕಿ ಬರೆದುಕೊಟ್ಟಿದೀನಿ. ಬನ್ನಿ, ನಿಮ್ಮ ಚಿಕ್ಕ ಝಾಮೆಕ್ ತೋರಿಸ್ತೀನಿ. ಮೇಯರ್‌ಗೆ ಮಾತ್ರ ಹೇಳಬೇಡಿ' ಎಂದಳು.

ಊರಿನವರು ಅಂಗಳದಲ್ಲಿ ಸಾಸೇಜು ತಿನ್ನುತ್ತಿರುವಾಗ ನಾವು ತೊಂಬತ್ತು ಮೆಟ್ಟಿಲು ಹತ್ತಿದೆವು. ಮರದ ನೆಲ ಸವೆಯದಿರಲಿ ಅಂತ ಬೂಟಿನ ಮೇಲೆ ಉಣ್ಣೆಯ ದೊಡ್ಡ ಚಪ್ಪಲಿ ಹಾಕಿಸಿದರು. ಗೂಚೊ ಅದರಲ್ಲಿ ಜಾರುತ್ತ ಓಡಿಹೋದ, ವಿತೆಕ್ ಅವನ ಹಿಂದೆ ಜಾರಿದ. ಕೋಣೆಯ ನಡುವೆ, ಹಗ್ಗದ ಬೇಲಿಯೊಳಗೆ, 'ಮುಟ್ಟಬೇಡಿ' ಎಂಬ ಹಲಗೆಯ ಹಿಂದೆ, ಆ ಪೆಟ್ಟಿಗೆ ಕೂತಿತ್ತು. ಪಕ್ಕದಲ್ಲಿ ಅಂಚೆಡಬ್ಬಿಯಂಥ ಒಂದು ಮರದ ಡಬ್ಬಿ, ಚೀಟಿ, ಪೆನ್ಸಿಲು.

'ಇಲ್ಲಿಗೆ ಬರೋ ಪ್ರತಿ ಮಗೂನೂ ಒಳಗೇನಿದೆ ಅಂತ ಊಹೆ ಮಾಡಿ ಬರೆದು ಹಾಕುತ್ತೆ' ಎಂದಳು ದ್ರಾಹೊಮೀರಾ. 'ನಮ್ಮಜ್ಜಿ ಇದೇ ಕೋಟೆಯಲ್ಲಿ ಕಸ ಗುಡಿಸ್ತಿದ್ದಳು, ಅವಳೂ ಬರೆದಿದಾಳೆ. ನಾನೂ ಬರೆದಿದೀನಿ. ಈ ಪೆಟ್ಟಿಗೆ ಇಲ್ಲದಿದ್ರೆ ಈ ಗುಡ್ಡ ಯಾರು ಹತ್ತುತ್ತಾರೆ ಹೇಳಿ? ನಾಲ್ಕು ಜಿಂಕೆಕೊಂಬು ನೋಡೋಕಾ?' ಅವಳು ಹಗ್ಗ ಬಿಚ್ಚಿದಳು, ಶಿಲುಬೆಯ ಗುರುತು ಮಾಡಿಕೊಂಡು ಕಿಟಕಿ ಕಡೆ ಹೋಗಿ ನಿಂತಳು. ಯಾಗ್ನಾ ನೆಲದ ಮೇಲೆ ಬೋರಲು ಮಲಗಿ, ನಾಲಗೆ ಹೊರಗೆ ಹಾಕಿಕೊಂಡು ತನ್ನ ಚೀಟಿ ಬರೆಯತೊಡಗಿದಳು.

ನಾನು ಟಾರ್ಚು ಹಿಡಿದೆ. ಮೇಸ್ತ್ರಿ ಮಂಡಿಯೂರಿ ಪೆಟ್ಟಿಗೆಗೆ ಮೊದಲು ನಮಸ್ಕಾರ ಮಾಡಿದರು. ಡಬ್ಬಿ ತೆಗೆದರು. ಹತ್ತಿಯ ಮೇಲೆ ಕೀಲಿಕೈ, ಈಗ ಆರು ಹಲ್ಲು. ಅವರು ಅದನ್ನು ಬೀಗದ ಬಾಯಿಗೆ ಇಟ್ಟರು. ಸಲೀಸಾಗಿ ಒಳಗೆ ಹೋಯಿತು. ಬರೀ ಚಿತ್ರ ನೋಡಿ ಮಾಡಿದ್ದು ರೀ ಅದು! ತಿರುವಲು ಹೋದವರು ಥಟ್ಟನೆ ನಿಂತರು. ಕಿವಿ ಆನಿಸಿದರು. ಹುಬ್ಬು ಗಂಟಾಯಿತು. ಎಡಗೈಯ ಹೆಬ್ಬೆರಳನ್ನು ಮುಚ್ಚಳದ ಅಂಚಿಗೆ ಕೊಟ್ಟು, ಮೆಲ್ಲಗೆ, ತೀರಾ ಮೆಲ್ಲಗೆ ಎತ್ತಿದರು.

ಮುಚ್ಚಳ ಎದ್ದಿತು. ಒಂದು ಬೆರಳಿನಷ್ಟು. ಟಾರ್ಚಿನ ಬೆಳಕಿನಲ್ಲಿ ಸಣ್ಣಗೆ ಧೂಳು ಉದುರಿತು. ನಾನೇ ಕಣ್ಣಾರೆ ಕಂಡೆ.

ಅದಕ್ಕೆ ಬೀಗ ಹಾಕಿಯೇ ಇರಲಿಲ್ಲ. ಸ್ವೀಡನ್ನಿನವರ ಗಡಿಬಿಡಿಯಲ್ಲಿ ಯಾರೋ ಪುಣ್ಯಾತ್ಮ ಕೀಲಿಕೈ ತಿರುವುವುದನ್ನೇ ಮರೆತು ಓಡಿಹೋಗಿದ್ದಾನೆ. ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿಬಾಗಿಲು ಹಾಕಿದರು ಅನ್ನುತ್ತಾರಲ್ಲ, ಇವರು ಅದನ್ನೂ ಹಾಕಿಲ್ಲ! ಮುಟ್ಟಬೇಡಿ ಅಂದರು, ಮುನ್ನೂರು ವರ್ಷ ಯಾರೂ ಮುಟ್ಟಲಿಲ್ಲ. ಮೂರು ಚಳಿಗಾಲ ನಮ್ಮ ಮೇಸ್ತ್ರಿ ಗಾಳಿ ಗುದ್ದಿ ಮೈ ನೋಯಿಸಿಕೊಂಡರು.

ನಾನು ಬಾಯಿ ತೆರೆದೆ. ಮೇಸ್ತ್ರಿ ತುಟಿಯ ಮೇಲೆ ಬೆರಳಿಟ್ಟರು. ಒಳಗೆ ಕಣ್ಣು ಹಾಯಿಸದೆಯೇ, ಅಂಗೈಯಿಂದ ಮುಚ್ಚಳವನ್ನು ಸದ್ದಿಲ್ಲದೆ ಒತ್ತಿ ಕೂರಿಸಿದರು.

'ತೆರೀತಾ?' ಎಂದಳು ದ್ರಾಹೊಮೀರಾ, ಕಿಟಕಿಯಿಂದ ತಿರುಗದೆ.

ಮೇಸ್ತ್ರಿ ಚೀಟಿಡಬ್ಬಿಯ ಕಡೆ ನೋಡಿದರು. ಯಾಗ್ನಾ ಕಡೆ ನೋಡಿದರು. ಅವಳು ಬರೆದುದನ್ನು ಅಳಿಸಿ ಮತ್ತೆ ಬರೆಯುತ್ತಿದ್ದಳು. ಕಿಟಕಿಯ ಬಳಿ ಉಸಿರು ಹಿಡಿದು ನಿಂತಿದ್ದ ಆ ಕಡ್ಡಿಯಂಥ ಹೆಂಗಸಿನ ಬೆನ್ನು ನೋಡಿದರು.

'ಇಲ್ಲ ತಾಯಿ' ಎಂದರು. 'ಸೋತೆ. ನನ್ನ ಕೈಲಿ ಆಗಲಿಲ್ಲ. ಇದು ತೆರೆಯೋ ಬೀಗ ಅಲ್ಲ.'

ದ್ರಾಹೊಮೀರಾ ಬಿಟ್ಟ ಉಸಿರು ಇಡೀ ಕೋಣೆಗೆ ಕೇಳಿಸಿತು. ಓಡಿ ಬಂದು ಮೇಸ್ತ್ರಿಯನ್ನು ತಬ್ಬಿಕೊಂಡು, 'ಅಯ್ಯೋ, ಬೇಜಾರು ಮಾಡ್ಕೋಬೇಡಿ' ಎಂದು ಸಮಾಧಾನ ಹೇಳಿದಳು. ಅವಳ ಮುಖದಲ್ಲಿ ಇದ್ದ ಸಂತೋಷ ಮಾತ್ರ ಮುಚ್ಚಿಡಲಾಗುತ್ತಿರಲಿಲ್ಲ. ಯಾಗ್ನಾ ತನ್ನ ಚೀಟಿಯನ್ನು ನಾಲ್ಕು ಮಡಿಕೆ ಮಾಡಿ ಡಬ್ಬಿಗೆ ಹಾಕಿದಳು.

ಕಾರು ಹೊರಟು ಗುಡ್ಡದ ತಿರುವು ದಾಟಿದ್ದೇ ನಾನು ಸಿಡಿದೆ. 'ಯಾಕ್ರೀ ಮೇಸ್ತ್ರಿಗಳೇ? ಯಾಕೆ? ಊರಿಗೆ ಹೋದ್ರೆ ಜನ ಉಗಿಯಲ್ವಾ? ಅದಕ್ಕೆ ಬೀಗಾನೇ ಹಾಕಿರಲಿಲ್ಲ ಅಂತ ಒಂದು ಮಾತು ಹೇಳಿದ್ರೆ ನಿಮ್ಮ ಗಂಟೇನು ಹೋಗ್ತಿತ್ತು?'

'ಆಮೇಲೆ ಆ ಹೆಂಗಸು ಏನು ತೋರಿಸ್ತಾಳೆ ಬೋಗ್ನಾ? ಜಿಂಕೆಕೊಂಬಾ?' ಎಂದರು. 'ಅಜ್ಜಿ ಬರೆದಿದಾಳೆ, ಮೊಮ್ಮಗಳು ಬರೆದಿದಾಳೆ. ನಾನು ಹೋಗಿ, ಅಮ್ಮಾ ನೀವೆಲ್ಲ ಪೆದ್ದರು, ತೆರೆದ ಪೆಟ್ಟಿಗೆ ಕಾಯ್ತಾ ಕೂತಿದ್ರಿ ಅನ್ಲಾ?'

'ಹೋಗಲಿ, ಒಳಗೇನಿತ್ತು? ಅದನ್ನಾದರೂ ಹೇಳಿ.'

'ನೋಡಲಿಲ್ಲ.'

ನನಗೆ ತಲೆ ಚಚ್ಚಿಕೊಳ್ಳುವ ಹಾಗಾಯಿತು. ಟಾರ್ಚು ಹಿಡಿದವಳು ನಾನು, ಒಂದಿಷ್ಟು ಬಗ್ಗಿದ್ದರೆ ಕಾಣುತ್ತಿತ್ತು. ಈಗಲೂ ಕೆಲವು ದಿನ ಗಿರಾಕಿಯ ತಲೆಗೆ ಬಣ್ಣ ಹಚ್ಚುತ್ತ ಹಚ್ಚುತ್ತ ಅದು ನೆನಪಾಗಿ ಹೊಟ್ಟೆ ಉರಿಯುತ್ತದೆ.

ಯಾಗ್ನಾ ಹಿಂದಿನಿಂದ ಕನ್ನಡಕದ ಡಬ್ಬಿಗೆ ಇಣುಕಿದಳು. 'ಮಾಮ, ಇದರದ್ದೂ ಒಂದು ಬಿತ್ತಾ?'

'ಬಿತ್ತು ಪುಟ್ಟೀ.'

'ಅಳಬೇಡಿ ಮಾಮ. ಮೊದಲನೇದು ಬಿದ್ದಾಗ ಹಾಗೇ ಆಗೋದು.'

ಗೂಚೊ ಅಷ್ಟರಲ್ಲಿ ಇನ್ನೊಂದು ಜಾಡಿ ಪಾನಕಕ್ಕೆ ಕೈ ಹಾಕಿದ್ದ.

ನಾನು ಹೇಳಿದ ಹಾಗೆಯೇ ಆಯಿತು. ಬಿಯರ್ ಅಂಗಡಿಯಲ್ಲಿ ಒಬ್ಬೊಬ್ಬರೂ, 'ಏನು ಮೇಸ್ತ್ರಿಗಳೇ, ಜೆಕ್ ಬೀಗ ಮಣ್ಣು ಮುಕ್ಕಿಸಿತಂತೆ?' ಎಂದು ಚುಚ್ಚಿದರು. 'ಮುಕ್ಕಿಸ್ತು, ಮುಕ್ಕಿಸ್ತು' ಎಂದು ಇವರು ನಗುತ್ತ ಲೋಟ ಎತ್ತುತ್ತಿದ್ದರು. ಪಕ್ಕದಲ್ಲಿ ಕೂತು ನಾನು ಹಲ್ಲು ಕಚ್ಚಿಕೊಂಡೆ. ಎರಡು ವರ್ಷ ಬಾಯಿಗೆ ಬೀಗ ಹಾಕಿಕೊಂಡಿದ್ದೇನೆ, ನನ್ನಂಥವಳಿಗೆ ಅದು ಎಂಥ ಶಿಕ್ಷೆ ಅಂತ ವಿತೆಕ್‌ನನ್ನು ಕೇಳಿ. ದೂರದವರ ಹತ್ತಿರ ಹೇಳಿದರೆ ದೋಷವಿಲ್ಲ ಅಂತ ಈಗ ಬಾಯಿಬಿಟ್ಟಿದ್ದೇನೆ. ನೀವು ಲಿಪೋಹ್ರಾದಿಗೆ ಹೋದರೆ ಒಂದು ಚೀಟಿ ಬರೆದು ಹಾಕಿ ಬನ್ನಿ. ಮುಚ್ಚಳಕ್ಕೆ ಮಾತ್ರ ಕೈ ಹಚ್ಚಬೇಡಿ.

ಜೂನಿನಲ್ಲಿ ಮೇಸ್ತ್ರಿಯ ಕೈ ಕುಯ್ದರು. ಆಸ್ಪತ್ರೆಗೆ ಹೋಗುವ ಹಿಂದಿನ ದಿನ ಗೋಡೆಯಾಚೆ ಅರದ ಸದ್ದು ಇರಲಿಲ್ಲ. ಊಟದ ಹೊತ್ತೂ ಅಲ್ಲವಲ್ಲ ಅಂತ ಹೊರಗೆ ಬಂದು ನೋಡಿದರೆ, ಬಣ್ಣದ ಡಬ್ಬಿ ಹಿಡಿದು ಬೋರ್ಡಿನ ಕೆಳಗೆ ಏಣಿ ಹಾಕುತ್ತಿದ್ದರು. 'ಬೀಳ್ತೀರಾ, ಇಳೀರಿ' ಎಂದು ಗದರಿದೆ. ಕೇಳಲಿಲ್ಲ. 'ನಾನು ತೆರೆಯದ ಬೀಗವಿಲ್ಲ' ಎಂಬುದರ ಕೆಳಗೆ, ಎಡಗೈಯಲ್ಲಿ, ಸೊಟ್ಟಸೊಟ್ಟ ಅಕ್ಷರದಲ್ಲಿ ಬರೆದರು: 'ಒಂದನ್ನು ಬಿಟ್ಟು.' ಬರೆದು ಮುಗಿಯುವವರೆಗೂ ಏಣಿ ಹಿಡಿದುಕೊಂಡಿದ್ದವಳು ನಾನೇ.